ಗುರ್ಜಿಗೆ ತೋರಿಸಿದ ಮಳೆ

ಎರಡು ವರ್ಷದ ಹಿಂದಿನ ಮಾತು. ಕೊಟ್ಟೂರು ಹತ್ತಿರದ ಹಳ್ಳಿಯೊಂದರ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಆಷಾಢ ಮುಗಿಯುತ್ತ ಬಂದರೂ ಒಂದು ಹನಿ ಬಿದ್ದಿರಲಿಲ್ಲ. ಅಂಥ ಹೊತ್ತಿನಲ್ಲಿ ಮೇಲಿನಿಂದ ಆದೇಶ ಬಂತು, ಮಕ್ಕಳಿಗೆ ಚಿತ್ರಪುಸ್ತಕ ಓದಿಸಿ ಮಳೆಹಬ್ಬ ಮಾಡಿ ಎಂದು. ಜೊತೆಗೆ ದೊಡ್ಡದೊಂದು ಪುಸ್ತಕವನ್ನೂ ಕಳಿಸಿದ್ದರು. ಕೊಡೆ, ಕಪ್ಪೆ, ಕಾಗದದ ದೋಣಿ, ಪುಟದ ತುಂಬ ನೀರೇ ನೀರು. ಮಕ್ಕಳಿಗೆ ರಜೆ ಎಂದು ಭಾನುವಾರವೇ ಅಧಿಕಾರಿ ಮೇಡಂ ನೋಡಲು ಬರುವವರಿದ್ದರು. ನನ್ನದು ತಾತ್ಕಾಲಿಕ ಕೆಲಸ. ಅವರು ಮೆಚ್ಚಿದರೆ ಉಂಟು, ಇಲ್ಲದಿದ್ದರೆ ಮನೆಗೆ ನಡಿ.

ಶನಿವಾರ ಸಂಜೆ ಐದನೇ ತರಗತಿಯ ರೇಣುಕಾ ಓದಿ ತರುತ್ತೇನೆಂದು ಪುಸ್ತಕ ಒಯ್ದಿದ್ದಳು. ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಗದ್ದಲ ಕೇಳಿ ಹೋಗಿ ನೋಡಿದರೆ ಮಕ್ಕಳು ಗುರ್ಜಿ ಹೊರಟಿದ್ದಾರೆ. ಮಳೆ ಬಾರದಿದ್ದರೆ ನಮ್ಮ ಕಡೆ ಹೀಗೇ. ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವರು ಗುರ್ಜಿಯನ್ನು ಕೂರಿಸಿ, ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಹೆಂಗಸರು ಮೇಲಿಂದ ನೀರು ಸುರಿಯುತ್ತಾರೆ. ಹೊತ್ತವಳು ರೇಣುಕಾ. ಹಂಚಿನ ಮೇಲೆ ಗುರ್ಜಿಯ ಮುಂದೆ ನನ್ನ ಪುಸ್ತಕ! ನಾನು ಬೇಡ ಅನ್ನುವಷ್ಟರಲ್ಲಿ ಆ ಓಣಿಯ ನಾಗವ್ವಜ್ಜಿಯ ಕೊಡ ಅದರ ಮೇಲೆ ಖಾಲಿಯಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮಗೇನು ಹುಚ್ಚು ಹಿಡದೈತೇನ?" ಎಂದು ಕೂಗಾಡಿದೆ.

ನೀರು ತೊಟ್ಟಿಕ್ಕುತ್ತಿದ್ದ ರೇಣುಕಾ ಹೇಳಿದಳು: "ಭಾಳ ದಿನ ಆತಲ್ರಿ ಮೇಡಂ, ಗುರ್ಜಿಗೆ ಮಳಿ ಹೆಂಗಿರತೈತಿ ಅನ್ನೋದ ಮರತಿರತೈತಿ. ಅದಕ್ಕ ಪುಸ್ತಕದಾಗ ತೋರಿಸಿದ್ವಿ."

ನಗು ಬಂತು, ಆದರೆ ಅಳು ಅದಕ್ಕಿಂತ ಮೊದಲೇ ಬಂದಿತ್ತು. ಪುಸ್ತಕವನ್ನು ಗ್ರಂಥಾಲಯದ ಅಂಗಳದಲ್ಲಿ ಹಗ್ಗಕ್ಕೆ ನೇತುಹಾಕಿ ಕಾವಲು ನಿಂತೆ. ಮಧ್ಯಾಹ್ನ ಮೋಡ ಕಟ್ಟಿತು. ಇಡೀ ಊರು ಮುಗಿಲಿಗೆ ಕೈ ಮುಗಿಯುತ್ತಿದ್ದರೆ, ದೇವರೇ ಸಂಜೆ ತನಕ ಬೇಡಪ್ಪಾ ಎಂದವಳು ನಾನೊಬ್ಬಳೇ. ನನ್ನ ಮಾತು ಯಾರು ಕೇಳುತ್ತಾರೆ? ಧೋ ಎಂದು ಸುರಿಯಿತು. ಅದೇ ಹೊತ್ತಿಗೆ ಜೀಪೂ ಬಂತು.

ಮೇಡಂ ಇಳಿದಾಗ ಒಳಗೆ ಒಂದು ಮಗುವೂ ಇಲ್ಲ, ಎಲ್ಲವೂ ಕೆಸರಿನಲ್ಲಿ ಕುಣಿಯುತ್ತಿವೆ. ನಾನು ಒದ್ದೆ ಪುಸ್ತಕ ಅಪ್ಪಿಕೊಂಡು ನಿಂತಿದ್ದೇನೆ.

"ಇದೇನಾ ಮಳೆಹಬ್ಬ?" ಎಂದರು.

ತೋಯ್ದು ತೊಪ್ಪೆಯಾಗಿದ್ದ ನಾಗವ್ವಜ್ಜಿಯೇ ಉತ್ತರ ಕೊಟ್ಟಳು: "ಹೌದ್ರಿ ಯವ್ವಾ. ನೀವು ಕಳಿಸಿದ ಪುಸ್ತಕಕ್ಕ ನಾನೇ ಒಂದು ಕೊಡ ನೀರು ಹಾಕೀನಿ, ಮಳಿ ಬಂತು. ಬರೋ ವರ್ಷ ಸ್ವಲ್ಪ ಲಗೂನ ಕಳಿಸ್ರಿ."

ಮೇಡಂ ಬಾಗಿಲು ಹಿಡಿದುಕೊಂಡು ನಕ್ಕರು. ವರದಿಯಲ್ಲಿ 'ಪುಸ್ತಕ ಚೆನ್ನಾಗಿ ಬಳಕೆಯಾಗುತ್ತಿದೆ' ಎಂದು ಬರೆದು ಹೋದರು. ನನ್ನ ಕೆಲಸ ಉಳಿಯಿತು.

ಆ ಪುಸ್ತಕ ಈಗ ಊದಿಕೊಂಡು ಮುಚ್ಚುವುದೇ ಇಲ್ಲ, ಆದರೂ ಮಕ್ಕಳು ಮೊದಲು ಕೇಳುವುದು ಅದನ್ನೇ. ಊರಿಗೆ ಮಳೆ ಬಂದ ದಿನ ಪುಸ್ತಕ ಹಿಡಿದು ಅಳುತ್ತ ನಿಂತವಳು ನಾನು, ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.