ಚಿನ್ನಕ್ಕ ಬಡಿಸಿದ ನಿದ್ದೆ

ಚಿನ್ನಕ್ಕ ನಿದ್ದೆಯ ಔಷಧಿಯನ್ನು ಕುಡಿಯುತ್ತಿರಲಿಲ್ಲ, ಬಡಿಸುತ್ತಿದ್ದಳು. ಜರಿದ ಗುಡ್ಡದ ಕೆಮ್ಮಣ್ಣಿನ ಮೇಲೆ ಬಾಳೆಲೆಯ ತುಂಡು ಹಾಸಿ, ಬಾಟಲಿ ಅಲುಗಿಸಿ, ಅದಕ್ಕೆ ಅಂಟಿಸಿದ ಕಾಗದದ ಗೀಟು ನೋಡಿಕೊಂಡು ಅಳತೆಯಾಗಿ ಸುರಿಯುತ್ತಿದ್ದಳು. ಗುಲಾಬಿ ಬಣ್ಣದ ನೀರು ಎಲೆಯಿಂದ ಜಾರಿ ಮಣ್ಣಿಗಿಳಿಯುವುದನ್ನು, ಗಂಡ ಉಂಡು ಏಳಲಿ ಎಂದು ಕಾಯುವವಳ ಹಾಗೆ ನೋಡುತ್ತ ಕೂರುತ್ತಿದ್ದಳು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಬರೆದದ್ದಕ್ಕಿಂತ ಅಣಕಿಸಿದ್ದೇ ಹೆಚ್ಚು. ದೊರೆಯ ಕೆಮ್ಮು, ಕಾಂಪೌಂಡರ್ ಪೊನ್ನಪ್ಪನವರ ಮೂಗಿನ ಮಾತು, ಯಾರೂ ಸಿಗದಿದ್ದರೆ ಕನ್ನಡಿಯಲ್ಲಿ ಕಂಡ ನನ್ನದೇ ಗೂಬೆ ಮುಖ. ಚಿನ್ನಕ್ಕ ಮಾತ್ರ ಪಿಕಿಂಗ್ ಬುಟ್ಟಿ ಕೆಳಗಿಟ್ಟು ಕೇಳುವಳು: "ಎಲ್ಲರ ಗಂಟಲೂ ನಿನ್ನ ಹತ್ರ ಉಂಟು ಮಾರಾಯ, ನಿಂದು ಎಲ್ಲಿ? ಹೊಳೆಯಲ್ಲಿ ಬಿಟ್ಟು ಬಂದ್ಯಾ?"

ಅವಳ ಗಂಡ ಬೆಳ್ಯಪ್ಪ ಮೇಸ್ತ್ರಿ. "ಹೋ...ಯ್, ಏಳಿ, ಏಳಿ!" ಎಂದು ಕೂಗಿ ದಿನಾ ಬೆಳಗ್ಗೆ ಕೂಲಿಯವರ ಲೈನ್ ಮನೆಗಳನ್ನು ಎಬ್ಬಿಸುವವನು. ಆ ಮಳೆಗಾಲದಲ್ಲಿ ಗುಡ್ಡ ಜರಿದು ಕೆಳಗಿನ ಲೈನನ್ನು ನುಂಗುವಾಗಲೂ ಹಾಗೇ ಕೂಗುತ್ತ ಬಾಗಿಲಿಂದ ಬಾಗಿಲಿಗೆ ಓಡಿದನಂತೆ. ಎದ್ದವರು ಉಳಿದರು. ಬೆಳ್ಯಪ್ಪನ ಹೆಣವೂ ಸಿಗಲಿಲ್ಲ.

ಆಮೇಲೆ ತಗಡಿನ ಮಾಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಉಳಿದವರೆಲ್ಲ ಎದ್ದು ಗೋಡೆಗೆ ಕಿವಿಕೊಟ್ಟು ಕೂರುತ್ತಿದ್ದರು. ಕಾಂಪೌಂಡರ್ ಎಲ್ಲರಿಗೂ ನಿದ್ದೆಯ ಮಿಕ್ಸ್ಚರ್ ಕೊಟ್ಟರು. ಸತ್ತವರಿಗೆ ಬಡಿಸದೆ ತಾವು ಮುಟ್ಟುವುದು ಹೇಗೆಂದು ಜನ ಮೊದಲ ಗೀಟನ್ನು ಗುಡ್ಡಕ್ಕೆ ಕೊಟ್ಟು ಮಿಕ್ಕದ್ದನ್ನು ಕುಡಿದರು; ಮೆಲ್ಲಮೆಲ್ಲಗೆ ಮಲಗಿದರು. ಚಿನ್ನಕ್ಕ ಇಡೀ ಬಾಟಲಿಯನ್ನೇ ಗುಡ್ಡಕ್ಕೆ ಕೊಟ್ಟಳು.

"ಎಲ್ಲರನ್ನೂ ಎಬ್ಬಿಸಿದವರು. ಅವರನ್ನು ಮಲಗಿಸುವವರು ಯಾರು? ಮೊದಲು ಅವರಿಗೆ ನಿದ್ದೆ ಬರ್ಲಿ, ಆಮೇಲೆ ನಂಗೆ."

ಅವಳ ಕಣ್ಣು ಒಳಕ್ಕೆ ಹೋಯಿತು, ಬೈಗುಳ ನಿಂತಿತು. ಕಾಂಪೌಂಡರ್ ನನ್ನನ್ನು ಕರೆದರು. "ಹೀಗೇ ಆದ್ರೆ ಇವಳು ಉಳಿಯೋದಿಲ್ಲ. ಬೆಳ್ಯಪ್ಪನ ದನಿ ನಿಂಗೆ ಬರ್ತದಲ್ಲ? ಕುಡಿ ಅಂತ ಒಂದು ಮಾತು ಹೇಳು."

"ನಂಗೂ ಒಂದು ಡೋಸ್ ಕೊಡಿ ಸಾರ್, ಧೈರ್ಯಕ್ಕೆ."

"ಇದು ನಿದ್ದೆದು. ನೀನು ಎಚ್ಚರ ಇರುವಾಗಲೇ ಉಪಯೋಗ ಇಲ್ಲ. ಹೋಗು."

ಮಧ್ಯಾಹ್ನವೇ ಮಂಜು ಇಳಿದಿತ್ತು. ಗುಡ್ಡದ ಬುಡದಲ್ಲಿ ಸಿಲ್ವರ್ ಓಕ್ ಮರದ ಹಿಂದೆ ನಿಂತು ಬೆಳ್ಯಪ್ಪನಾದೆ: "ಚಿನ್ನೂ, ನಂಗೆ ಸಾಕು. ನೀನು ಕುಡಿ."

ಎಲೆಯ ಮುಂದೆ ಕೂತಿದ್ದ ಅವಳು ತಿರುಗಲೂ ಇಲ್ಲ. "ಈಚೆ ಬಾರೋ ಮಂಗ. ಅವರು ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವರಲ್ಲ."

ನಾನು ಬಾಯಿ ಮುಚ್ಚಿಕೊಂಡು ನಿಂತೆ. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಚಿನ್ನಕ್ಕ ತಲೆ ವಾಲಿಸಿ ಏನನ್ನೋ ಕೇಳಿಸಿಕೊಂಡಳು. "ಹೂಂ" ಎಂದಳು. ಬಾಟಲಿಯ ಬಾಯನ್ನು ಸೆರಗಿನಿಂದ ಒರೆಸಿ ಒಂದು ಗೀಟು ಕುಡಿದಳು. ನನ್ನನ್ನು ದಾಟಿ ಹೋಗುವಾಗ ಹೇಳಿದಳು: "ಎರಡನೇ ಸಲ ಸರಿಯಾಗಿ ಮಾಡಿದೆ ನೋಡು."

ನಾನು ಮಾತಾಡಿದ್ದು ಒಂದೇ ಸಲ.

ಅಂದಿನಿಂದ ಅವಳು ಔಷಧಿ ಕುಡಿದಳು, ಮಲಗಿದಳು, ಎದ್ದು ಬೈದಳು. ಕಾಂಪೌಂಡರ್ ನನ್ನ ಬೆನ್ನು ತಟ್ಟಿದರು. ಬೆನ್ನು ತಣ್ಣಗಿತ್ತು.

ಮಳೆ ಮುಗಿದ ಮೇಲೆ ಚಿನ್ನಕ್ಕ ತಿತಿಮತಿಯ ತಮ್ಮನ ಮನೆಗೆ ಹೊರಟಳು. ಗೋಣಿಕೊಪ್ಪಲಿನಲ್ಲಿ ಬಸ್ಸು ಹತ್ತಿಸುವಾಗ ತಡೆಯಲಾರದೆ ಕೇಳಿದೆ: "ಅಕ್ಕ, ಆವತ್ತು ಎರಡನೇ ಸಲ ನಾನು ಎಂತ ಹೇಳಿದ್ದು?"

"ನೀನು ಹೇಳಿದ್ದು ನಿಂಗೇ ಮರ್ತು ಹೋಯ್ತಾ?" ಎಂದು ನಕ್ಕವಳು ನನ್ನ ಮುಖ ನೋಡಿದಳು. ನಗು ಮೆಲ್ಲಗೆ ಇಳಿಯಿತು. "'ಏ ಇವಳೇ, ನೀನು ಮಲಗು. ನಾನು ಎದ್ದಿರ್ತೇನೆ' ಅಂತ."

ಬಸ್ಸು ಹೊರಟಿತು. ಮತ್ತೆ ಅವಳನ್ನು ನೋಡಲಿಲ್ಲ.

ಜನ ಕೇಳಿದರೆ ಈಗಲೂ ಚಿನ್ನಕ್ಕನನ್ನು ಮಾಡಿ ತೋರಿಸುತ್ತೇನೆ, ನನ್ನನ್ನು ಮಂಗ ಎಂದದ್ದನ್ನೂ ಸೇರಿಸಿ. ಬೆಳ್ಯಪ್ಪನ ಕೂಗು ಮಾತ್ರ ಹಾಕುವುದಿಲ್ಲ. ಅವನು ಎದ್ದೇ ಇದ್ದಾನೆ, ಓಗೊಟ್ಟಾನು.