ಬದರಿನಾಥರು ಅಳೆದ ಪ್ಯಾಕಾರ್ಡ್

ಜಯನಗರದ ಬದರಿನಾಥರು ಕಂಟೋನ್ಮೆಂಟಿನ ಒಂದು ಕಾರಂಗಡಿಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಗುಮಾಸ್ತರಾಗಿದ್ದವರು. ಸ್ವಂತಕ್ಕೆ ಒಂದು ಸೈಕಲ್ಲೂ ಇರಲಿಲ್ಲ. ಆದರೂ ರಸ್ತೆಯಲ್ಲಿ ಹೋಗುವ ಕಾರಿನ ಹೆಸರು, ಇಸವಿ ಎರಡನ್ನೂ ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

೧೯೬೧ರಲ್ಲಿ ಅವರನ್ನು ಹುಡುಕಿಕೊಂಡು ಯಡಿಯೂರಿನ ಬೋರಣ್ಣ ಬಂದ. ಯಾರೋ ಸಾಹುಕಾರರು ಬಿಟ್ಟುಹೋದ ಹಳೆಯ ಅಮೆರಿಕನ್ ಕಾರೊಂದು ಅವನ ಹಿತ್ತಲಲ್ಲಿ ನಿಂತಿತ್ತು. ಮಗಳು ಪಂಕಜಾಳ ಮದುವೆ ಗೊತ್ತಾಗಿತ್ತು.

"ಗಂಡು ಆ ಕಾರಲ್ಲೇ ಬರ್ಬೇಕು ಸ್ವಾಮಿ. ಲಗ್ನಪತ್ರಿಕೇಲಿ ಅದರ ಪೂರ್ತಿ ಹೆಸ್ರು ಹಾಕಿಸ್ಬೇಕು. ಬರೀ ಕಾರು ಅಂದ್ರೆ ಬೀಗ್ರು ಅಂಬಾಸಿಡರ್ ಅಂದ್ಕೊಂಬುಡ್ತಾರೆ!"

ಬದರಿನಾಥರು ಹಿತ್ತಲ ಬಾಗಿಲಲ್ಲೇ ನಿಂತು "ಕ್ಯಾಡಿಲ್ಯಾಕ್" ಎಂದುಬಿಟ್ಟರು. ಹತ್ತಿರ ಹೋದರೆ ಕಾರಿನ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಅಷ್ಟರಲ್ಲಿ ಬೋರಣ್ಣನ ಹೆಂಡತಿ ಅಂಜನಮ್ಮ ಕೋಳಿಗಳಿಗೆ ನುಚ್ಚು ಹಾಕಿದ್ದ ತಟ್ಟೆ ಕಣ್ಣಿಗೆ ಬಿತ್ತು. ನಡುವೆ ಕೆಂಪು ಷಟ್ಕೋನ! ಬದರಿನಾಥರು ತಟ್ಟೆ ಕಿತ್ತುಕೊಂಡು ಕಾರಿನ ಬಳಿಗೆ ಓಡಿದರು. ಕೋಳಿಗಳು ಹಿಂದೆಯೇ ಓಡಿದವು.

"ಇದು ಚಕ್ರದ ಮುಚ್ಚಳ ಕಣಮ್ಮ! ಪ್ಯಾಕಾರ್ಡ್‌ದು! ಬಾನೆಟ್ ಮೇಲೊಂದು ಹಕ್ಕಿ ಇತ್ತಾ?"

"ಅದಾ? ನಮ್ಮತ್ತೆ ದೇವರ ಮನೇಲಿ ಇಟ್ಟವ್ರೆ. ಸರಸ್ವತಿ ಹಂಸ ಅಂತ."

ಅತ್ತೆ ಬೈರಮ್ಮ ಸ್ನಾನ ಮಾಡದವರನ್ನು ಒಳಗೆ ಬಿಡಲಿಲ್ಲ. ಬದರಿನಾಥರು ಬಾವಿಕಟ್ಟೆಯಲ್ಲಿ ನಾಲ್ಕು ಬಿಂದಿಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಹೋಗಿ, ಕುಂಕುಮ ಮೆತ್ತಿಕೊಂಡ ಹಕ್ಕಿಯನ್ನು ನೋಡಿ ಸಂತೋಷಕ್ಕೆ ಕೈಮುಗಿದರು. "ಭಕ್ತಿವಂತರು" ಎಂದು ಬೈರಮ್ಮ ಪ್ರಸಾದ ಕೊಟ್ಟರು.

ಕಂಪನಿ ಗೊತ್ತಾಯಿತು, ಮಾಡೆಲ್ ಬೇಕಲ್ಲ? ಮರುದಿನ ತಮ್ಮ ಹಳೆಯ ಕ್ಯಾಟಲಾಗು, ದರ್ಜಿಯ ಟೇಪು ತಂದು ಕಾರಿನ ಪಕ್ಕ ಬೋರಲು ಮಲಗಿದರು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ನೂರಮೂವತ್ತನಾಲ್ಕು ಇಂಚು. ಕ್ಯಾಟಲಾಗಿನಲ್ಲಿ ಎಂಟು ಸಿಲಿಂಡರಿನ ಮಾಡೆಲ್ಲಿಗೂ ಹನ್ನೆರಡರದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ. ಬಾನೆಟ್ ಎತ್ತಿ, ಕೋಳಿಯನ್ನೂ ಮೊಟ್ಟೆಗಳನ್ನೂ ಪಕ್ಕಕ್ಕಿಟ್ಟು ಪ್ಲಗ್ ಎಣಿಸಿದರು. ಒಂದೇ ಸಾಲಿನಲ್ಲಿ ಎಂಟು, ಅಂದರೆ ಎಂಟೇ ಸಿಲಿಂಡರು. ಮುಂದಿನ ಗಾಜು ಎರಡು ಹೋಳಾಗಿ ಮೂಗಿನಂತೆ ಮುಂದೆ ಬಂದಿತ್ತು, ಹಾಗಾಗಿ ೧೯೩೭ರದ್ದಲ್ಲ, ಮರುವರ್ಷದ್ದು.

"ಬರ್ಕೊಳ್ಳಿ ಬೋರಣ್ಣ! ಪ್ಯಾಕಾರ್ಡ್ ಸೂಪರ್ ಎಯ್ಟ್, ಮಾಡೆಲ್ ನಂಬರ್ ಹದಿನಾರು ನೂರ ನಾಲ್ಕು, ೧೯೩೮!" ಎಂದರು.

ಬೋರಣ್ಣನ ಚೀಟಿ ಅಚ್ಚುಕೂಟಕ್ಕೆ ಹೋಯಿತು. ಪತ್ರಿಕೆ ಬಂದಾಗ ಅದರಲ್ಲಿ ಗಂಡಿನ ಹೆಸರು ಹೀಗಿತ್ತು: "ಚಿ. ಗಂಗಾಧರಯ್ಯ, ಪ್ಯಾಕಾರ್ಡ್ ಸೂಪರ್ ಎಯ್ಟ್ (೧೯೩೮)."

ಕಾರು ಸ್ಟಾರ್ಟ್ ಆಗಲೇ ಇಲ್ಲ. ಎರಡು ಜೊತೆ ಎತ್ತು ಕಟ್ಟಿ ಎಳೆಸಿದರು. ಅದನ್ನು ಯಾರೂ ಗಮನಿಸಲಿಲ್ಲ. ಹೆಣ್ಣಿನ ಕಡೆಯ ನೆಂಟರೆಲ್ಲ ಮದುಮಗನನ್ನೇ ಬೆರಗಿನಿಂದ ನೋಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಬದರಿನಾಥರ ಕಿವಿಯಲ್ಲಿ ಕೇಳಿದರು: "ಬಿ.ಎ. ಗೊತ್ತು ಸಾರ್. ಇದು ಎಷ್ಟು ವರ್ಷದ ಓದು?"

ಜೀವಮಾನದಲ್ಲಿ ಮೊದಲ ಬಾರಿಗೆ ಬದರಿನಾಥರು ಕಾರಿನ ವಿಷಯ ಎತ್ತಲಿಲ್ಲ. "ಅಮೆರಿಕಾದ್ದು. ಬಹಳ ಕಷ್ಟ," ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.