ಮುರಿದ ರೊಟ್ಟಿಯ ಬುಟ್ಟಿ

ಖಡಕ್ ರೊಟ್ಟಿ ಮುರಿಯುವ ಸದ್ದು ಎಷ್ಟು ಗದ್ದಲದ ನಡುವೆಯೂ ನನಗೆ ಕೇಳಿಸುತ್ತದೆ. ಮೊನ್ನೆ ಸೊಲ್ಲಾಪುರದ ಪೇಟೆಯಲ್ಲಿ ಅಂಗಡಿಯವನು ರೊಟ್ಟಿಯ ಕಟ್ಟೊಂದನ್ನು ಚೀಲಕ್ಕೆ ಇಳಿಸುವಾಗ ಮೇಲಿನದು ಟಕ್ ಎಂದಿತು. ಅವನು ಅದನ್ನು ತೆಗೆದು ಪಕ್ಕಕ್ಕಿಟ್ಟ. "ಮುರದದ್ದು ಬ್ಯಾಡ್ರಿ ತಾಯಿ, ಬ್ಯಾರೇದು ಹಾಕ್ತೀನಿ." "ಇರಲಿ, ಅದನ್ನೇ ಕೊಡಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ರೇಟ್ ಅದಽ ಐತ್ರಿ ಮತ್ತ, ಕಡಿಮಿ ಆಗಂಗಿಲ್ಲ" ಎಂದ. ತಲೆಯಾಡಿಸಿ ಹಣ ಕೊಟ್ಟು ಬಂದೆ. ಕೋಣೆಗೆ ಬಂದು ಚೀಲ ಬಿಚ್ಚಿದಾಗ ಹುರಿದ ಜೋಳದ, ತುಸು ಹೊಗೆಯ, ಬಿಸಿಲಿಗೆ ಕಾದ ಹಳೆಯ ಬಟ್ಟೆಯ ವಾಸನೆ ಎದ್ದಿತು. ನಿಮ್ಮ ಬಾಲ್ಯದ ಮನೆಗೂ ಇಂಥದೊಂದು ವಾಸನೆ ಇದ್ದಿರಬೇಕು; ಗೋಡೆಗಳು ಹೋದ ಮೇಲೂ ಉಳಿದುಕೊಂಡದ್ದು. ನಮ್ಮದು ಇದು.

ಆ ಮನೆ ಅಕ್ಕಲಕೋಟದಲ್ಲಿತ್ತು. ವಾಡೆ ಎಂದು ಕರೆಯುವ ಹಳೆಯ ದೊಡ್ಡ ಮನೆಯೊಂದರ ಹಿಂಭಾಗದ ಎರಡು ಬಾಡಿಗೆ ಕೋಣೆಗಳು. ಮುಂದಿನದರಲ್ಲಿ ಆಯಿಯ ಕಂಬಳಿ, ನಮ್ಮ ಶಾಲೆಯ ಚೀಲಗಳು, ಗೂಡಿನಲ್ಲಿ ಕುರಿಗಾಹಿಗಳ ದೇವರು ಬೀರೋಬನ ಭಂಡಾರದ, ಎಂದರೆ ಅರಿಶಿನದ, ಪುಟ್ಟ ಗಂಟು. ಹಿಂದಿನದರಲ್ಲಿ ಒಲೆ, ನೀರಿನ ಹಂಡೆ, ಮುಚ್ಚಳ ಸಡಿಲವಾದ ಮೂರು ಡಬ್ಬಿ. ಆಯಿ ಎಂದರೆ ಅಪ್ಪನ ತಾಯಿ. ಮೈಂದರ್ಗಿ ಕಡೆಯ ಹಳ್ಳಿಯಲ್ಲಿ ಅರ್ಧ ಆಯುಷ್ಯ ಕುರಿಗಳ ಹಿಂದೆ ನಡೆದವಳು. ಕುರಿ ಮಾರಿದ ಮೇಲೆ ಮಗನ ಜೊತೆ ಬಂದಿದ್ದಳು. ಗುಡುಗಿದರೆ ಈಗಲೂ ಗಡಬಡಿಸಿ ಬಾಗಿಲಿಗೆ ಬಂದು, ಒಳಗೆ ಹೊಡೆದುಕೊಳ್ಳಲು ಕುರಿಗಳಿಲ್ಲವೆಂದು ನೆನಪಾಗಿ, ಮರಳಿ ಕಂಬಳಿಯ ಮೇಲೆ ಕೂರುತ್ತಿದ್ದಳು. ಅಪ್ಪ ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ಮಗ್ಗ ನಡೆಸುತ್ತಿದ್ದ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಮಗ್ಗದ ಸದ್ದಿಗೆ ಕಿವಿ ಮಂದವಾಗಿತ್ತು. ಹುಬ್ಬಿನ ಮೇಲೆ ಸದಾ ಹತ್ತಿಯ ಧೂಳು. ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಸುಮಿ. ಐದು ಬಾಯಿ, ಒಂದು ಪಗಾರ, ಅದೂ ಪ್ರತಿ ತಿಂಗಳು ಹತ್ತನೇ ತಾರೀಖಿಗೆ.

ನಮ್ಮ ಮನೆಯಲ್ಲಿ ಶೇಂಗಾ ಚಟ್ನಿಯ ಬಣ್ಣ ನೋಡಿ ತಾರೀಖು ಹೇಳಬಹುದಿತ್ತು. ಪಗಾರ ಬಂದ ವಾರ ಅದು ಮಣ್ಣಿನ ಬಣ್ಣದ್ದು, ಎಣ್ಣೆ ಬಿಟ್ಟು ಬೆರಳಿಗೆ ಅಂಟುವಂಥದ್ದು. ತಿಂಗಳು ಮುಗಿಯುತ್ತ ಬಂದಂತೆ ಶೇಂಗಾ ಕಡಿಮೆಯಾಗಿ ಖಾರ ಹೆಚ್ಚಾಗಿ ಚಟ್ನಿ ಕೆಂಪಾಗುತ್ತಿತ್ತು. ಒಂದನೇ ತಾರೀಖು ದಾಟಿದ ಮೇಲೆ ಬರೀ ಮೆಣಸಿನ ಪುಡಿ, ಉಪ್ಪು, ವಾಸನೆಗೆ ಒಂದೆಸಳು ಬೆಳ್ಳುಳ್ಳಿ. ಬೇಳೆ ಮೊದಲು ಸಾರಾಗುತ್ತಿತ್ತು, ಆಮೇಲೆ ನೀರಾಗುತ್ತಿತ್ತು, ಆಮೇಲೆ ಹುಣಸೆಹಣ್ಣಿನ ಹುಳಿ ಅದರ ಜಾಗಕ್ಕೆ ಬರುತ್ತಿತ್ತು. ಊರಿನಲ್ಲಿ ಯಾತ್ರಿಕರಿಗೆ ಊಟ ಹಾಕುವ ಛತ್ರವಿತ್ತು. ಯಾರು ಹೋಗಿ ಕೂತರೂ ಬಡಿಸುತ್ತಿದ್ದರು. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. "ಪರಊರಿಂದ ಬಂದವರು ಪ್ರಸಾದ ಅಂತ ತಿಂತಾರ. ನಾವು ಹ್ವಾದ್ರ ಹಸದು ಬಂದಾರ ಅಂತ ಗೊತ್ತಾಗತೈತಿ" ಎನ್ನುತ್ತಿದ್ದ. ಹಸಿವಿಗಿಂತ ಹಸಿದದ್ದು ಗೊತ್ತಾಗುವುದು ದೊಡ್ಡದು ಎಂಬುದನ್ನು ನಾನು ಅವನಿಂದ ಕಲಿತೆ. ಕಲಿತದ್ದು ಇನ್ನೂ ಬಿಟ್ಟಿಲ್ಲ.

ಅವ್ವ ಗಂಗಾ ಮಾವಶಿಯ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಾವಶಿ ಎಂದರೆ ಚಿಕ್ಕಮ್ಮ, ಆದರೆ ನಮಗೆ ಸಂಬಂಧಿಯಲ್ಲ. ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ಮನೆಯ ಹಿಂದೆ ತಗಡಿನ ಸೂರು ಹಾಕಿ ಆರು ಒಲೆ ಹೂಡಿದ್ದಳು. ಆರು ಹೆಂಗಸರು ಬೆಳಗಿನಿಂದ ಬಡಿದು ಬೇಯಿಸಿ, ಒಲೆಯ ಪಕ್ಕ ನಿಲ್ಲಿಸಿ ಗರಿಗರಿ ಮಾಡಿದ ರೊಟ್ಟಿಗಳು ಸೊಲ್ಲಾಪುರದ ಹೋಟೆಲುಗಳಿಗೆ ಹೋಗುತ್ತಿದ್ದವು. ಅವ್ವನ ರೊಟ್ಟಿ ಎಲ್ಲರದಕ್ಕಿಂತ ತೆಳ್ಳಗಿರುತ್ತಿತ್ತು. ಬೆಳಕಿಗೆ ಹಿಡಿದರೆ ಹಿಂದಿನ ಒಲೆಯ ಉರಿ ಮಸುಕಾಗಿ ಕಾಣುತ್ತದೆ ಎಂದು ಮಾವಶಿಯೇ ಬಂದವರಿಗೆ ತೋರಿಸುತ್ತಿದ್ದಳು. ಇನ್ನೊಂದು ಗುರುತೂ ಇತ್ತು. ಅವ್ವನ ಬಲಗೈ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ರೊಟ್ಟಿಯನ್ನು ತಿರುಗಿಸುತ್ತ ಬಡಿಯುವಾಗ ಆ ಬೆರಳು ಅಂಚಿನಲ್ಲಿ ಉಗುರಿನಷ್ಟು ಚಂದ್ರನನ್ನು ಬಿಡುತ್ತಿತ್ತು. ಅವಳ ಕೂಲಿ ಮನೆಯ ಬಾಡಿಗೆಗೆ ಸರಿಹೋಗುತ್ತಿತ್ತು. ನಮಗೆ ಅಲ್ಲಿಂದ ಬರುತ್ತಿದ್ದದ್ದು ಬುಟ್ಟಿ. ಒಣಗಿಸುವಾಗ, ಕಟ್ಟುವಾಗ ಮುರಿದ ರೊಟ್ಟಿಗಳನ್ನು ಬಾಗಿಲ ಬಳಿಯ ಬಿದಿರಿನ ಬುಟ್ಟಿಗೆ ಹಾಕಿ, ಸಂಜೆ ಹೆಂಗಸರು ಸುತ್ತ ಕೂತು ಅವರವರ ಮನೆಯ ಬಾಯಿ ನೋಡಿ ಹಂಚಿಕೊಳ್ಳುತ್ತಿದ್ದರು. ಅದು ಆ ಶೆಡ್ಡಿನ ಪದ್ಧತಿ. ಚೂರುಗಳನ್ನು ಬಿಸಿನೀರಿಗೆ ಹಾಕಿ, ಹುಣಸೆ ಹುಳಿ, ಖಾರ ಸೇರಿಸಿ ಕುದಿಸಿದರೆ ಐದು ಜನಕ್ಕೂ ಹೊಟ್ಟೆ ಭಾರವಾಗುತ್ತಿತ್ತು. ತುಂಬುವುದಕ್ಕೂ ಭಾರವಾಗುವುದಕ್ಕೂ ಇರುವ ವ್ಯತ್ಯಾಸ ತಿಂದವರಿಗೆ ಗೊತ್ತು.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಅಪ್ಪನ ಪಗಾರ ಹತ್ತನೇ ತಾರೀಖಿಗೆ ಬರಲಿಲ್ಲ. ಮಾಲು ಹೋಗಿಲ್ಲ, ಇಂದು ನಾಳೆ ಎಂದು ಕಾರ್ಖಾನೆಯ ಸೇಠ್ ಹೇಳುತ್ತಿದ್ದಾನೆ ಎಂದ. ಶಾಲೆಗೆ ರಜೆಯಾದ್ದರಿಂದ ಮಧ್ಯಾಹ್ನದ ಖಿಚಡಿಯೂ ಇರಲಿಲ್ಲ. ಡಬ್ಬಿಗಳಲ್ಲಿ ಒಂದರ ತಳದಲ್ಲಿ ಮಾತ್ರ ಹಿಟ್ಟು. ಆಯಿ ಮೊದಲಿನಿಂದ ಭಾನುವಾರ ಬೀರೋಬನಿಗೆ ಒಪ್ಪತ್ತು ಇರುತ್ತಿದ್ದಳು. ಈಗ ಸೋಮವಾರ ಸೇರಿತು, ಗುರುವಾರ ಸೇರಿತು, ಶನಿವಾರ ಯಾವುದೋ ಹಳೆಯ ಹರಕೆ ನೆನಪಾಯಿತು. ಪಗಾರ ತಡವಾದಷ್ಟೂ ಆಯಿಯ ದೇವರು ಹೆಚ್ಚುತ್ತಿದ್ದರು. "ಮಂಗಳವಾರ ಯಾವ ದೇವರದ ಆಯಿ?" ಎಂದು ಸುಮಿ ಕೇಳಿದರೆ, "ಕೇಳೋರಿಗೆ ಅಡ್ಡ ಉತ್ತರ ಕೊಡೋ ದೇವರದು. ನೀ ತಿನ್ನ ಸುಮ್ಮ" ಎಂದು ತನ್ನ ಪಾಲನ್ನು ಅವಳ ತಟ್ಟೆಗೆ ಸರಿಸುತ್ತಿದ್ದಳು. ಕೈ ಸರಿಸುವಾಗ ಬಳೆ ಮೊಣಕೈವರೆಗೂ ಜಾರುತ್ತಿತ್ತು.

ರಜೆಯಲ್ಲಿ ನಾನು ಅವ್ವನ ಜೊತೆ ಶೆಡ್ಡಿಗೆ ಹೋಗುತ್ತಿದ್ದೆ. ಆರಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಟ್ಟೆ ಮುಚ್ಚುವುದು ನನ್ನ ಕೆಲಸ. ಒಂದು ದಿನ ಕೈತಪ್ಪಿ ಎರಡು ಮುರಿದವು. ಹೆದರಿ ಬುಟ್ಟಿಗೆ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ಆ ಸಂಜೆ ನಮ್ಮ ಪಾಲು ತುಸು ಹೆಚ್ಚು ಬಂತು. ಅಂದು ಆಯಿಗೆ ಯಾವ ದೇವರೂ ನೆನಪಾಗಲಿಲ್ಲ, ಊಟಕ್ಕೆ ಕೂತಳು. ಮರುದಿನ ನಾನು ಬೇಕೆಂದೇ ಮುರಿದೆ. ರೊಟ್ಟಿಯ ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಬಟ್ಟೆಯ ಕೆಳಗೆ ಸಣ್ಣ ಸದ್ದಾಗುತ್ತಿತ್ತು, ನನಗೆ ಮಾತ್ರ ಕೇಳುವಷ್ಟು. ನಾಲ್ಕು, ಕೆಲವು ದಿನ ಐದು. ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಬೇರೆ ಹೆಂಗಸರು ಬಡಿದದ್ದನ್ನು ಮುಟ್ಟಲಿಲ್ಲ. ಅದು ಕಳ್ಳತನ. ಅಂಚಿನಲ್ಲಿ ಚಂದ್ರನಿರುವ ರೊಟ್ಟಿಗಳನ್ನೇ ಹುಡುಕಿ ಒತ್ತುತ್ತಿದ್ದೆ. ಅವ್ವನ ರೊಟ್ಟಿ ನಮ್ಮದೇ ತಾನೆ, ನಮ್ಮದನ್ನು ಮುರಿದರೆ ಯಾರಿಗೆ ನಷ್ಟ ಎಂದುಕೊಂಡಿದ್ದೆ. ಮುರಿದ ರೊಟ್ಟಿಗೆ ಬಡಿದವಳಿಗೆ ಕೂಲಿ ಇರಲಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಪಕ್ಕದ ಒಲೆಯ ಲಕ್ಷ್ಮಿ ಅವ್ವನ ಕಡೆ ತಿರುಗಿ ನಗುತ್ತ, "ಏ ಕಸ್ತೂರಿ, ನಿನ್ನ ಪುಣ್ಯಾದಿಂದ ಈ ವಾರ ನಮ್ಮ ಮನ್ಯಾಗೂ ಹಬ್ಬ ಆಗಾಕತ್ತೈತಿ ನೋಡು" ಎಂದಾಗ ಅವ್ವ ನಗಲಿಲ್ಲ. ಮರುದಿನದಿಂದ ಅವಳು ಹಿಟ್ಟನ್ನು ಎರಡು ಪಟ್ಟು ಹೊತ್ತು ನಾದತೊಡಗಿದಳು. ನೀರು ಇನ್ನೂ ಬಿಸಿ ಇರಲಿ ಎಂದಳು, ಜೋಳ ಬದಲಿಸಿದಿರೇನು ಎಂದು ಮಾವಶಿಯನ್ನು ಕೇಳಿದಳು. ಬೆವರು ಮೂಗಿನ ತುದಿಗೆ ಬಂದು ಹಿಟ್ಟಿಗೆ ಬೀಳದಂತೆ ತಲೆ ಓರೆ ಮಾಡಿಕೊಂಡು ನಾದುತ್ತಿದ್ದ ಅವಳನ್ನು ನೋಡುತ್ತ, ಬಟ್ಟೆಯ ಕೆಳಗೆ ನಾನು ಒತ್ತುತ್ತಿದ್ದೆ. ಇದನ್ನು ಬರೆಯುವುದು ಕಷ್ಟ. ಆದರೆ ನಡೆದದ್ದು ಹೀಗೆಯೇ.

ಎರಡನೇ ವಾರದ ಒಂದು ಸಂಜೆ, ಹಂಚುವ ಮುಂಚೆ, ಮಾವಶಿ ಬುಟ್ಟಿಯನ್ನು ತಾನೇ ಚಾಪೆಯ ಮೇಲೆ ಸುರಿದಳು. ಚೂರುಗಳನ್ನು ತಿರುವಿ ಅಂಚುಗಳನ್ನು ಒಂದು ಕಡೆ ಇಟ್ಟಳು. ಒಂದೊಂದರಲ್ಲೂ ಉಗುರಿನಷ್ಟು ಚಂದ್ರ.

"ಎಲ್ಲಾ ನಿಂದಽ ಅದಾವಲ್ಲ ಕಸ್ತೂರಿ. ಏನಾತು ನಿನ್ನ ಕೈಗೆ? ಹೋಟೆಲಿನಾಂವ ಫೋನ್ ಮಾಡಿ ಬೈದಾನ, ಗಂಟಿನ್ಯಾಗ ಮಾಲು ಕಡಿಮಿ ಬರಾಕತ್ತೈತಿ ಅಂತ."

"ಆಕಿ ಹಿಟ್ಟು ನಾದಾಕತ್ತಿಲ್ಲ ಮಾವಶಿ, ಗಂಡನ ಪಗಾರದ ಕನಸ ನಾದಾಕತ್ತಾಳ" ಎಂದು ಲಕ್ಷ್ಮಿ ಹೇಳಿದಳು. ಯಾರೋ ನಕ್ಕರು.

ಅವ್ವ ಕುಕ್ಕರಗಾಲಿನಲ್ಲಿ ಕೂತು ನಾಲ್ಕು ಚೂರುಗಳನ್ನು ಆರಿಸಿ ಜೋಡಿಸಿದಳು. ಅವು ಒಂದೇ ರೊಟ್ಟಿಯವು. ಬಿರುಕುಗಳೆಲ್ಲ ನಡುವಿನ ಒಂದು ಬಿಂದುವಿಗೆ ಬಂದು ಸೇರಿದವು. ಹೊತ್ತು ಸಾಗಿಸುವಾಗ ಮುರಿದರೆ ಅಂಚು ಹೋಗುತ್ತದೆ. ನಾದುವುದು ಕಡಿಮೆಯಾದರೆ ಅಡ್ಡ ಸೀಳುತ್ತದೆ. ನಡುವಿನಿಂದ ನಕ್ಷತ್ರದಂತೆ ಒಡೆಯುವುದು ಒತ್ತಿದಾಗ ಮಾತ್ರ. ಜೀವನವಿಡೀ ರೊಟ್ಟಿ ಬಡಿದವಳಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬಿರುಕುಗಳು ಸೇರಿದ ಜಾಗದ ಮೇಲೆ ಅವಳು ತನ್ನ ಹೆಬ್ಬೆರಳನ್ನು ಇಟ್ಟಳು. ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಅವಳಿಗೆ ಎಷ್ಟು ಶ್ರಮವಾಗುತ್ತಿದೆ ಎಂಬುದು ಅವಳ ಕತ್ತಿನ ನರದಲ್ಲಿ ನನಗೆ ಕಾಣುತ್ತಿತ್ತು. ಆಮೇಲೆ ಚೂರುಗಳನ್ನು ಕಲೆಸಿಬಿಟ್ಟಳು.

"ಹೌದ್ರಿ ಮಾವಶಿ. ಕೈಯಾಗ ಮೊದಲಿನ ಕಸುವಿಲ್ಲ. ನನ್ನಿಂದಽ ತಪ್ಪಾತು."

ನಾನು ಬಾಯಿ ತೆರೆಯಬಹುದಿತ್ತು. ಹತ್ತು ವರ್ಷದವಳಿಗೆ ಒಂದು ವಾಕ್ಯ ಹೇಳಲು ಬರುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಚುತ್ತ ನಿಂತೆ.

ಮಾವಶಿ ಕೆಟ್ಟವಳಲ್ಲ. "ಬ್ಯಾಸಿಗಿ ಮುಗೀಲಿ, ಆಮ್ಯಾಲ ನೋಡೂಣು. ಈಗ ನಾಕು ದಿನ ಮನ್ಯಾಗ ಇರು" ಎಂದಳು. ಉಳಿದವರನ್ನು ಕೇಳದೆ ಅಂದಿನ ಬುಟ್ಟಿಯನ್ನು ಪೂರ್ತಿ ಅವ್ವನ ಸೆರಗಿಗೆ ಸುರಿದಳು. ಹಾಗಾಗಿ ಆ ಸಂಜೆ ನಮ್ಮ ಮನೆಯಲ್ಲಿ ಬೇಕಾದಷ್ಟು ರೊಟ್ಟಿ ಇತ್ತು. ಸುಮಿ ಎರಡು ಸಲ ಬಡಿಸಿಕೊಂಡಳು. ಅಪ್ಪ ಏನೂ ತಿಳಿಯದೆ, "ಇವತ್ತ ಭಾರಿ ಅದಾವಲ್ಲ" ಎಂದ. ನಾನು ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತೆ. ಅವ್ವ ನನ್ನ ತಟ್ಟೆ ನೋಡಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, "ತಿನ್ನು. ಮುರದ ಮ್ಯಾಲ ತಿನ್ನಬೇಕು" ಎಂದಳು. ಆ ವಿಷಯವಾಗಿ ಅವಳು ಆಡಿದ್ದು ಅಷ್ಟೇ. ತಿಂದೆ.

ಪಗಾರ ಅದಾದ ಐದು ದಿನಕ್ಕೆ ಬಂತು. ಅಷ್ಟರಲ್ಲಿ ನಮ್ಮಲ್ಲಿ ಬುಟ್ಟಿ ಇರಲಿಲ್ಲ, ಬಾಡಿಗೆಗೆ ಕೂಲಿ ಇರಲಿಲ್ಲ. ಬೇಸಿಗೆ ಮುಗಿದರೂ ಮಾವಶಿ ಕರೆಯಲಿಲ್ಲ. ಕೈ ಕೆಟ್ಟವಳು ಎಂಬ ಮಾತು ಅವ್ವನಿಗಿಂತ ಮುಂಚೆ ಬೇರೆ ಶೆಡ್ಡುಗಳಿಗೆ ಹೋಗಿ ಕೂತಿತ್ತು. ಅವ್ವ ಅಪ್ಪನ ಕಾರ್ಖಾನೆಯಲ್ಲಿ ಟವೆಲ್ಲಿನ ಅಂಚು ಹೊಲಿಯುವ ಕೆಲಸ ಹಿಡಿದಳು. ಆ ವರ್ಷ ಆಯಿಯ ದೇವರು ಕಡಿಮೆಯಾಗಲೇ ಇಲ್ಲ. ಮುಂದಿನ ಬೇಸಿಗೆಗೆ ಮೊದಲೇ, ಪಗಾರಕ್ಕೆ ನಾಲ್ಕು ದಿನ ಇರುವಾಗ, ಕಂಬಳಿಯ ಮೇಲೆ ಕೂತಲ್ಲೇ ಹೋದಳು. ಅಶಕ್ತಿ ಎಂದರು ಡಾಕ್ಟರು. ವಾಡೆಯನ್ನು ಆಮೇಲೆ ಕೆಡವಿ ಯಾತ್ರಿಕರಿಗೆ ಲಾಡ್ಜ್ ಕಟ್ಟಿದ್ದಾರೆ. ನಮ್ಮ ಒಲೆ ಇದ್ದ ಜಾಗದಲ್ಲಿ ಈಗ ಚಪ್ಪಲಿ ಇಡುವ ಕಪಾಟು. ಅವ್ವ ಮನೆಗೆ ರೊಟ್ಟಿ ಬಡಿಯುತ್ತಲೇ ಇದ್ದಳು, ಆದರೆ ದಪ್ಪಗೆ. ಬೆಳಕಿಗೆ ಹಿಡಿದರೆ ಏನೂ ಕಾಣದಂಥವು. ಆ ತೆಳುವಾದ ರೊಟ್ಟಿಯನ್ನು ನಾನು ಮತ್ತೆ ನೋಡಲಿಲ್ಲ.

ಎಂ.ಎಸ್ಸಿ. ಓದುವಾಗ ಸೊಲ್ಲಾಪುರದಲ್ಲಿ ಕೋಣೆ ಮಾಡಿ ಅವ್ವನನ್ನು ಕರೆತಂದೆ; ಆಗಲೇ ಅವಳ ಕಾಯಿಲೆ ಬಲಿತಿತ್ತು. ಕೊನೆಯ ತಿಂಗಳಲ್ಲಿ ಅಗಿಯಲಾಗುತ್ತಿರಲಿಲ್ಲ. ಅಂಗಡಿಯ ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಬಟ್ಟಲಿನ ಮೇಲೆ ರೊಟ್ಟಿ ಹಿಡಿದು ನಡುವೆ ಹೆಬ್ಬೆರಳಿಟ್ಟು ಒತ್ತಿದೆ. ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು.

"ನಡುವ ಒತ್ತಬಾರದವ್ವಾ. ಅಂಚು ಹಿಡದು ಮುರೀಬೇಕು. ಆವಾಗ ಯಾರಿಗೂ ಗೊತ್ತಾಗಂಗಿಲ್ಲ" ಎಂದಳು.

ವರ್ಷಗಟ್ಟಲೆ ಸಿದ್ಧಮಾಡಿಟ್ಟುಕೊಂಡಿದ್ದ ಆ ಒಂದು ವಾಕ್ಯವನ್ನು ಹೇಳಲು ಹೊರಟೆ. "ಅವ್ವಾ, ಆ ಬ್ಯಾಸಿಗ್ಯಾಗ—"

"ಹಾಲು ಆರತೈತಿ" ಎಂದು ಬಾಯಿ ತೆರೆದಳು. ಚಮಚ ಹಿಡಿದೆ.

ಅಪ್ಪ ಈಗ ಹೋಟಗಿಯಲ್ಲಿ ಸುಮಿಯ ಮನೆಯಲ್ಲಿದ್ದಾನೆ; ಕಿವಿ ಪೂರ್ತಿ ಹೋಗಿದೆ. ಸುಮಿಗೆ ಆ ಬೇಸಿಗೆ ನೆನಪಿಲ್ಲ. ಒಂದು ಸಂಜೆ ಹೊಟ್ಟೆ ತುಂಬ ರೊಟ್ಟಿ ತಿಂದದ್ದು ಮಾತ್ರ ನೆನಪಿದೆಯಂತೆ. ಮೊನ್ನೆ ತಂದ ಕಟ್ಟಿನ ಮೇಲಿನ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಚೂರುಗಳನ್ನು ಜೋಡಿಸಿ ನೋಡಿದೆ. ಅಂಚು ಹೋಗಿತ್ತು, ಚೀಲಕ್ಕೆ ಇಳಿಸುವಾಗ ಮುರಿದದ್ದು, ಯಾರೂ ಒತ್ತಿದ್ದಲ್ಲ. ಉಳಿದ ಅಂಚಿನಲ್ಲಿ ಯಾರದೋ ನಾಲ್ಕು ಬೆರಳುಗಳ ಗುರುತು ನೆಟ್ಟಗೆ, ಸಾಲಾಗಿ ಇತ್ತು. ಒಣದಾಗಿಯೇ ತಿಂದೆ. ಆಮೇಲೆ ಬೆರಳ ತುದಿಯನ್ನು ಒದ್ದೆ ಮಾಡಿಕೊಂಡು, ಪಗಾರದ ಹಿಂದಿನ ದಿನಗಳಲ್ಲಿ ಆಯಿ ಮಾಡುತ್ತಿದ್ದಂತೆ, ತಟ್ಟೆಯಲ್ಲಿ ಉಳಿದ ಪುಡಿಯನ್ನೆಲ್ಲ ಒತ್ತಿ ಒತ್ತಿ ತೆಗೆದೆ.